ಮನೆತನ ನೋಡಿ ಮೀನು ಸಾಕಿದವರು

ನಾರ್ವೆಯ ಹಿತ್ರಾ ದ್ವೀಪದ ಗ್ರೋಂಟ್‌ವೆಟ್ ಸಹೋದರರು 1970ರಲ್ಲಿ ಸಾಲ್ಮನ್ ಮರಿಗಳನ್ನು ಸಮುದ್ರದಲ್ಲಿ ತೇಲುವ ಬಲೆಪಂಜರಕ್ಕೆ ಬಿಟ್ಟರು. ಈ ಹೊಸ ಕೃಷಿ ಕೆಲವೇ ವರ್ಷಗಳಲ್ಲಿ ಕರಾವಳಿಯುದ್ದಕ್ಕೂ ಹಬ್ಬಿತು. ಜೊತೆಗೇ ಒಂದು ತಲೆನೋವೂ ಬಂತು. ಪಂಜರ ಒಂದೇ, ಆಹಾರ ಒಂದೇ. ಆದರೂ ಕೆಲವು ಮೀನುಗಳು ಸಮುದ್ರದಲ್ಲಿ ಒಂದು ಚಳಿಗಾಲ ಕಳೆಯುತ್ತಲೇ, ಮಾರಾಟದ ತೂಕ ಮುಟ್ಟುವ ಮೊದಲೇ, ಪ್ರಾಯಕ್ಕೆ ಬರುತ್ತಿದ್ದವು.

ಸಾಕಿದವನಿಗೆ ಇದು ಬರೀ ನಷ್ಟ. ತಿಂದದ್ದು ಮೈಗೆ ಹತ್ತದೆ ಮೊಟ್ಟೆ, ವೀರ್ಯಕ್ಕೆ ಸಂದುಹೋಗುತ್ತದೆ. ಗಿರಾಕಿ ಬಯಸುವ ಮಾಂಸದ ಕೆಂಬಣ್ಣ ಮಾಸುತ್ತದೆ, ಚರ್ಮ ಕಂದುಗಟ್ಟುತ್ತದೆ, ಗಂಡಿನ ದವಡೆ ಕೊಕ್ಕೆಯಂತೆ ಬಾಗುತ್ತದೆ.

ಇದಕ್ಕೆ ಪರಿಹಾರ ಹೊಳೆದದ್ದು ಹಸುವಿನ ಕೊಟ್ಟಿಗೆಯಿಂದ ಎಂದರೆ ತಪ್ಪಲ್ಲ. ಹಸುಗಳ ತಳಿ ಸುಧಾರಣೆಯಲ್ಲಿ ಹೆಸರಾಗಿದ್ದ ವಿಜ್ಞಾನಿ ಹರಾಲ್ಡ್ ಷೆರ್ವೊಲ್ಡ್ ಮತ್ತು ಟ್ರಿಗ್ವೆ ಯೆಡ್ರೆಮ್ 1970ರ ದಶಕದ ಆರಂಭದಲ್ಲಿ ಸುಮಾರು 40 ನದಿಗಳ ಸಾಲ್ಮನ್ ಸಂಗ್ರಹಿಸಲು ತೊಡಗಿದರು. ಒಂದೊಂದು ಜೋಡಿಯ ಮರಿಗಳನ್ನು ಬೇರೆ ಬೇರೆ ತೊಟ್ಟಿಗಳಲ್ಲಿ ಬೆಳೆಸಿ, ಗುರುತು ಹಾಕಿ, ಆಮೇಲೆ ಒಟ್ಟಿಗೆ ಸಾಕಲಾಯಿತು. ಆಗ ಗುಟ್ಟು ಬಯಲಾಯಿತು. ಕೆಲವು ಕುಟುಂಬಗಳಲ್ಲಿ ಬೇಗ ಪ್ರಾಯಕ್ಕೆ ಬರುವ ಮೀನು ಬಹಳ. ಇನ್ನು ಕೆಲವದರಲ್ಲಿ ತೀರಾ ಕಡಿಮೆ. ಗಂಡು ಹೆಣ್ಣು ಗೊತ್ತುಮಾಡುವಾಗ ಹಿರಿಯರು ಮನೆತನ ವಿಚಾರಿಸುವಂತೆ, ಮೀನಿನ ಒಡಹುಟ್ಟುಗಳನ್ನು ನೋಡಿ ಮುಂದಿನ ಪೀಳಿಗೆಗೆ ತಂದೆ ತಾಯಿಯನ್ನು ಆರಿಸುವ ಕ್ರಮ ಬಂತು.

ಆದರೆ ಇದು ಸಲೀಸಿನ ಕೆಲಸವಲ್ಲ. ಸಾಲ್ಮನ್ ಒಂದು ಪೀಳಿಗೆ ದಾಟಲು ಸುಮಾರು 4 ವರ್ಷ ಬೇಕು. ಮೊದಲಿಗೆ ಬೆಳವಣಿಗೆಯ ವೇಗಕ್ಕೆ ಮಾತ್ರ ಮಣೆ ಹಾಕಿದ್ದರು. ಬೇಗ ಬೆಳೆದು ಕೊಬ್ಬಿದ ಮೀನು ಬೇಗ ಪ್ರಾಯಕ್ಕೆ ಬರುವ ಸಂಭವವೂ ಹೆಚ್ಚು! ಹೀಗಾಗಿ 1980ರ ದಶಕದಲ್ಲಿ ತಡವಾಗಿ ಪ್ರಾಯಕ್ಕೆ ಬರುವ ಗುಣವನ್ನೂ ಲೆಕ್ಕಕ್ಕೆ ಸೇರಿಸಲಾಯಿತು. ಚಳಿಗಾಲದ ರಾತ್ರಿಗಳಲ್ಲಿ ಪಂಜರಕ್ಕೆ ದೀಪ ಹಾಕಿ, ಮೀನಿನ ಋತುಲೆಕ್ಕವನ್ನೇ ತಪ್ಪಿಸುವ ಉಪಾಯವೂ ಬಳಕೆಗೆ ಬಂತು.

ಕುಟುಂಬಗಳ ಈ ವ್ಯತ್ಯಾಸದ ಒಂದು ದೊಡ್ಡ ಕಾರಣ ತಿಳಿದದ್ದು 2015ರಲ್ಲಿ. ವಿಜಿಎಲ್ಎಲ್3 ಎಂಬ ಒಂದೇ ವಂಶವಾಹಿಯ ಭಾಗವು ಕಾಡು ಸಾಲ್ಮನ್‌ಗಳ ಪ್ರಾಯದ ವಯಸ್ಸಿನ ವ್ಯತ್ಯಾಸದಲ್ಲಿ ಶೇ 39ರಷ್ಟನ್ನು ವಿವರಿಸುತ್ತದೆ ಎಂದು ಸಂಶೋಧಕರು ಪ್ರಕಟಿಸಿದರು. ಮನುಷ್ಯರಲ್ಲಿ ಹೆಣ್ಣುಮಕ್ಕಳು ಮೈನೆರೆಯುವ ವಯಸ್ಸಿಗೂ ಇದೇ ವಂಶವಾಹಿಯ ನಂಟಿದೆ ಎಂಬುದು ಸೋಜಿಗ.

ಅವಸರದ ಪ್ರಾಯ ಸಾಲ್ಮನ್‌ಗೆ ಮಾತ್ರ ಅಂಟಿದ್ದಲ್ಲ. ಕರ್ನಾಟಕದ ಕೆರೆಗಳಲ್ಲಿ ಸಾಮಾನ್ಯ ಗೆಂಡೆ ಸಣ್ಣದಿರುವಾಗಲೇ ಮೊಟ್ಟೆಯಿಟ್ಟು, ಮರಿಗಳು ತುಂಬಿ, ಯಾವುದೂ ದಪ್ಪವಾಗದೆ ಉಳಿಯುವ ದೂರು ಹಳೆಯದು. ಬೆಂಗಳೂರಿನ ಬಳಿಯ ಹೆಸರಘಟ್ಟದ ಮೀನುಗಾರಿಕಾ ಸಂಶೋಧನಾ ಕೇಂದ್ರ ಹಂಗೆರಿಯಿಂದ ಅಮೂರ್ ಗೆಂಡೆಯನ್ನು ತರಿಸಿಕೊಂಡದ್ದು ಇದೇ ಕಾರಣಕ್ಕೆ.