ಸೈನ್ಯಕ್ಕೆ ಕಳುಹಿಸಿದವರು ಯಾರು?

ಪ್ರತಿವರ್ಷ ಜನವರಿ 15ರಂದು ನಮ್ಮ ದೇಶ ಸೇನಾ ದಿನವನ್ನು ಆಚರಿಸುತ್ತದೆ. 1949ರ ಆ ದಿನ ಜನರಲ್ ಬೂಚರ್ ಅವರಿಂದ ಭಾರತೀಯ ಸೇನೆಯ ಮಹಾದಂಡನಾಯಕ ಪದವಿಯನ್ನು ವಹಿಸಿಕೊಂಡವರು ಕೊಡಗಿನ ಕೊಡಂದೇರ ಕಾರ್ಯಪ್ಪನವರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರೇ. ಎಂಟು ವರ್ಷಗಳ ತರುವಾಯ, 1957ರಲ್ಲಿ, ಅದೇ ಕೊಡಂದೇರ ಮನೆತನದ ತಿಮ್ಮಯ್ಯನವರು ಸೇನಾ ಮುಖ್ಯಸ್ಥರಾದರು. ಒಂದು ಪುಟ್ಟ ಗುಡ್ಡನಾಡಿನ ಒಂದೇ ಮನೆತನದಿಂದ ಇಬ್ಬರು! ಇವರನ್ನು ಸೈನ್ಯದ ಹಾದಿಗೆ ಹಚ್ಚಿದವರು ಯಾರು?

ಮೊದಲ ಉತ್ತರ ಮನೆಯಲ್ಲಿಯೇ ಇದೆ. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಕೋವಿಯ ಗುಂಡು ಹಾರಿಸಿ ಊರಿಗೆ ಸಾರುವುದು, ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಕೂಸಿನ ಕೈಗೆ ಮುಟ್ಟಿಸುವುದು ಹಿಂದಿನಿಂದ ಬಂದ ಪದ್ಧತಿ. ಗದ್ದೆಯ ನಾಟಿ ಮುಗಿದ ಮೇಲೆ ಬರುವ ಕೈಲ್ ಮುಹೂರ್ತದಲ್ಲಿ ಆಯುಧಗಳಿಗೆ ಪೂಜೆ. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಸೈನ್ಯ ದೂರದ ಮಾತಲ್ಲ.

ಆದರೆ ಮನೆಯ ಸಂಸ್ಕಾರವಿದ್ದರೆ ಸಾಲದು, ಬಾಗಿಲೂ ತೆರೆಯಬೇಕು. ಬ್ರಿಟಿಷರ ಕಾಲದಲ್ಲಿ ಭಾರತೀಯನು ಎಷ್ಟೇ ಶೂರನಾದರೂ ಬಿಳಿಯ ಅಧಿಕಾರಿಗೆ ಸರಿಸಮನಾಗುವಂತಿರಲಿಲ್ಲ. ಮೊದಲ ಮಹಾಯುದ್ಧದ ಕೊನೆಗೆ ಆ ಬಾಗಿಲು ತುಸು ತೆರೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದ ಕಾರ್ಯಪ್ಪನವರು ಇಂದೂರಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯರೂ ಅವರೇ. ಅವರು ಹತ್ತಿದ ಒಂದೊಂದು ಮೆಟ್ಟಿಲೂ ಹಿಂದೆ ಬರುವವರಿಗೆ ದಾರಿಯಾಯಿತು.

ತಿಮ್ಮಯ್ಯನವರ ಕಥೆ ಇನ್ನೂ ಸ್ವಾರಸ್ಯವಾದದ್ದು. ಸ್ಯಾಂಡ್‌ಹರ್ಸ್ಟ್‌ನಲ್ಲಿ ಕಲಿತು 1926ರಲ್ಲಿ ಅಧಿಕಾರಿಯಾದ ಅವರು ಮುಂದೆ ಅಲಹಾಬಾದಿಗೆ ಬಂದರು. ಊರೆಲ್ಲ ಸ್ವಾತಂತ್ರ್ಯದ ಕಾವು. ಮೈಮೇಲೆ ಬ್ರಿಟಿಷರ ಸಮವಸ್ತ್ರ. ಒಮ್ಮೆ ನಾಟಕಶಾಲೆಯಲ್ಲಿ ಮೋತಿಲಾಲ್ ನೆಹರೂ ಅವರು ಭೇಟಿಯಾಗಿ, ಈ ಉಡುಪು ಹೇಗನಿಸುತ್ತದೆ ಎಂದು ಕೇಳಿದರಂತೆ. ಬಲು ಸೆಕೆ ಎಂದರಂತೆ ತಿಮ್ಮಯ್ಯ! ಪರಿಚಯ ಬೆಳೆಯಿತು. ಕೆಲಸ ಬಿಟ್ಟು ಚಳವಳಿಗೆ ಸೇರಬೇಕೇ ಎಂಬ ತಳಮಳದಲ್ಲಿದ್ದ ತರುಣ ಅಧಿಕಾರಿಗಳಿಗೆ, ಸೆರೆಮನೆ ಕಂಡುಬಂದ ಆ ಹಿರಿಯರು ರಾಜೀನಾಮೆ ಬೇಡವೆಂದರು. ಸ್ವಾತಂತ್ರ್ಯ ಬಂದೇ ಬರುತ್ತದೆ, ಆಗ ದೇಶವನ್ನು ಕಾಯಲು ನಿಮ್ಮಂಥವರೇ ಬೇಕು ಎಂಬುದು ಅವರ ಮಾತಿನ ತಿರುಳು.

1931ರಲ್ಲಿ ಮೋತಿಲಾಲರು ತೀರಿಕೊಂಡರು, ಮಾತು ಉಳಿಯಿತು. ತಿಮ್ಮಯ್ಯನವರ ಅಣ್ಣ ಪೊನ್ನಪ್ಪನವರು ಮುಂದೆ ನೇತಾಜಿಯವರ ಸೇನೆಯನ್ನು ಸೇರಿದರೆ, ತಮ್ಮ ಬರ್ಮಾದ ಅರಾಕಾನಿನಲ್ಲಿ ಬ್ರಿಗೇಡನ್ನು ನಡೆಸುತ್ತಿದ್ದರು. ಒಂದೇ ತಾಯಿಯ ಮಕ್ಕಳು ಎದುರುಬದುರು ಪಾಳೆಯಗಳಲ್ಲಿ! ಆದರೂ ಇಬ್ಬರೂ ನಂಬಿದ್ದು ಒಂದೇ ನಾಡನ್ನು. 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಮೇಲಿನ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ ಲಡಾಖಿನ ದಾರಿಯನ್ನು ತೆರೆಸಿದವರು ಇದೇ ತಿಮ್ಮಯ್ಯನವರು. ಮೋತಿಲಾಲರ ಮಾತಿಗೆ ಇದಕ್ಕಿಂತ ಉತ್ತರ ಬೇಕೆ?

ಮೇಲ್ಪಂಕ್ತಿ ಎಂದರೆ ಪದವಿಯಷ್ಟೇ ಅಲ್ಲ. 1965ರ ಯುದ್ಧದಲ್ಲಿ ಕಾರ್ಯಪ್ಪನವರ ಮಗ, ವಾಯುಸೇನೆಯ ಅಧಿಕಾರಿ, ಪಾಕಿಸ್ತಾನದ ಸೆರೆಯಾದರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನರು ಮಗನಿಗೆ ವಿಶೇಷ ಸೌಕರ್ಯ ಮಾಡಿಕೊಡಲು ಮುಂದಾದಾಗ, ಸೆರೆಯಲ್ಲಿರುವ ಎಲ್ಲ ಯೋಧರೂ ತಮ್ಮ ಮಕ್ಕಳೇ ಎಂದು ತಂದೆ ಅದನ್ನು ಒಲ್ಲೆನೆಂದರು. ಅದೇ ಯುದ್ಧದಲ್ಲಿ ಸರ್ಗೋಧಾದ ಮೇಲೆ ಹಾರಿ ಹಿಂದಿರುಗದ ಅಜ್ಜಮಾಡ ದೇವಯ್ಯನವರೂ ಕೊಡಗಿನವರು. ಅವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷಗಳ ಬಳಿಕ.

ಬಹುಕಾಲ ದಿಲ್ಲಿಯ ಕಾರ್ಯಪ್ಪ ಮೈದಾನದಲ್ಲೇ ನಡೆಯುತ್ತಿದ್ದ ಸೇನಾ ದಿನದ ಪಥಸಂಚಲನ 2023ರಲ್ಲಿ ಬೆಂಗಳೂರಿನಲ್ಲೂ 2025ರಲ್ಲಿ ಪುಣೆಯಲ್ಲೂ ನಡೆಯಿತು. ಮಡಿಕೇರಿಯ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ರಜೆಯಲ್ಲಿ ಊರಿಗೆ ಹೋಗುವ ಹೊರನಾಡ ಕನ್ನಡಿಗರು ಮಕ್ಕಳನ್ನು ಅಲ್ಲಿಗೊಮ್ಮೆ ಕರೆದೊಯ್ಯಬೇಕು. ಸೈನ್ಯ ಸೇರುವುದು ಬಿಡುವುದು ಅವರವರ ಇಚ್ಛೆ. ಹಿರಿಯರ ಕಥೆಯನ್ನು ಕಿವಿಗೆ ಹಾಕುವುದು ಮಾತ್ರ ನಮ್ಮ ಹೊಣೆ.