ತೂಕದ ಮೇಲೆ ನಿಂತ ಶಿಕ್ಷೆ: ಭಾರತದ ಮಾದಕವಸ್ತು ಕಾನೂನು

ಬ್ರಿಟಿಷ್ ಆಡಳಿತಕ್ಕೆ ಅಫೀಮು, ಗಾಂಜಾಗಳು ಮುಖ್ಯವಾಗಿ ವರಮಾನದ ಬಾಬತ್ತುಗಳಾಗಿದ್ದವು. ಗಾಂಜಾ ಸೇವನೆಯ ಪರಿಣಾಮಗಳನ್ನು ಪರಿಶೀಲಿಸಲು 1893ರಲ್ಲಿ ನೇಮಕಗೊಂಡ ಆಯೋಗವು ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆಗಳನ್ನು ಪಡೆದು, ಸಂಪೂರ್ಣ ನಿಷೇಧ ಅನಗತ್ಯವೆಂದು ತೀರ್ಮಾನಿಸಿ, ಪರವಾನಗಿ ಮತ್ತು ತೆರಿಗೆಗಳ ಮೂಲಕ ಹತೋಟಿಯಲ್ಲಿಡುವುದೇ ಸೂಕ್ತವೆಂದು ಶಿಫಾರಸು ಮಾಡಿತು. 1930ರ ಅಪಾಯಕಾರಿ ಮಾದಕಗಳ ಕಾಯ್ದೆಯ ಕಾಲದಲ್ಲೂ ಸೆರೆವಾಸದ ಗರಿಷ್ಠ ಮಿತಿ 3 ವರ್ಷ, ಅಪರಾಧ ಮರುಕಳಿಸಿದರೆ 4 ವರ್ಷವಷ್ಟೇ ಆಗಿತ್ತು.

1961ರ ಅಂತಾರಾಷ್ಟ್ರೀಯ ಒಪ್ಪಂದವು ಗಾಂಜಾ ಬಳಕೆಯನ್ನು ನಿಲ್ಲಿಸಲು ಕೊಟ್ಟಿದ್ದ 25 ವರ್ಷಗಳ ಅವಧಿ ಮುಗಿಯುತ್ತ ಬಂದಿತ್ತು; ನೆರೆಯ ದೇಶಗಳ ಹೆರಾಯಿನ್‌ಗೆ ಭಾರತ ಸಾಗಣೆಯ ದಾರಿಯಾಗಿತ್ತು. ಈ ಹಿನ್ನೆಲೆಯಲ್ಲಿ 1985ರ ನವೆಂಬರ್ 14ರಂದು ಜಾರಿಗೆ ಬಂದ, ಎನ್‌ಡಿಪಿಎಸ್ ಎಂದೇ ಪರಿಚಿತವಾದ ಕಾಯ್ದೆಯು ಹೆರಾಯಿನ್, ಚರಸ್ ಮೊದಲಾದವುಗಳಿಗೆ ಕನಿಷ್ಠ 10 ವರ್ಷಗಳ ಸೆರೆವಾಸ ಮತ್ತು 1 ಲಕ್ಷ ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಸ್ವಂತ ಸೇವನೆಗೆ ಅಲ್ಪ ಪ್ರಮಾಣ ಇಟ್ಟುಕೊಂಡವರಿಗೆ ರಿಯಾಯಿತಿಯಿದ್ದರೂ ಅದು ಸ್ವಂತಕ್ಕೆಂಬುದನ್ನು ಆರೋಪಿಯೇ ರುಜುವಾತುಪಡಿಸಬೇಕಿತ್ತು. ಚರಸ್‌ನ ಅಲ್ಪ ಪ್ರಮಾಣ 5 ಗ್ರಾಂ ಆಗಿದ್ದುದರಿಂದ 6 ಗ್ರಾಂ ಸಮೇತ ಸಿಕ್ಕಿಬಿದ್ದ ವ್ಯಸನಿಗೂ ದೊಡ್ಡ ಸಾಗಣೆದಾರನಿಗೂ ಕನಿಷ್ಠ ಶಿಕ್ಷೆ ಒಂದೇ ಆಯಿತು. ಇಷ್ಟು ದೊಡ್ಡ ಅನ್ಯಾಯವನ್ನು ತಿದ್ದುವ ಬದಲು 1989ರ ತಿದ್ದುಪಡಿ ಜಾಮೀನನ್ನು ಬಿಗಿಗೊಳಿಸಿ, ಕೆಲವು ಪುನರಾವರ್ತಿತ ಅಪರಾಧಗಳಿಗೆ ಮರಣದಂಡನೆಯನ್ನು ಕಡ್ಡಾಯ ಮಾಡಿತು. ಆ ಕಡ್ಡಾಯ ತೊಲಗಲು 2011ರ ಬಾಂಬೆ ಹೈಕೋರ್ಟ್ ತೀರ್ಪು ಮತ್ತು 2014ರ ತಿದ್ದುಪಡಿ ಬರಬೇಕಾಯಿತು.

2001ರಲ್ಲಿ ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆ ವಿಧಿಸಲು ಅಲ್ಪ, ಮಧ್ಯಮ, ವಾಣಿಜ್ಯ ಎಂಬ ಮೂರು ಹಂತಗಳು ಬಂದವು. ಹೆರಾಯಿನ್ 5 ಗ್ರಾಂವರೆಗೆ ಅಲ್ಪ, 250 ಗ್ರಾಂ ಮೀರಿದರೆ ವಾಣಿಜ್ಯ. ಗಾಂಜಾಕ್ಕೆ ಈ ಮಿತಿಗಳು 1 ಮತ್ತು 20 ಕಿಲೋ. ಆಗ ಎದ್ದ ಪ್ರಶ್ನೆ, ತೂಗಬೇಕಾದದ್ದು ಶುದ್ಧ ಮಾದಕವನ್ನೋ ಬೆರಕೆ ಸೇರಿದ ಇಡೀ ಪುಡಿಯನ್ನೋ ಎಂಬುದು. 4 ಕಿಲೋಗೂ ಮೀರಿದ ಪುಡಿಯಲ್ಲಿ ಹೆರಾಯಿನ್ ಅಂಶ ಸುಮಾರು 60 ಗ್ರಾಂ ಮಾತ್ರವಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಶುದ್ಧ ಅಂಶವನ್ನಷ್ಟೇ ಲೆಕ್ಕಕ್ಕೆ ಹಿಡಿದು ಶಿಕ್ಷೆ ಇಳಿಸಿತು. 2020ರಲ್ಲಿ ತ್ರಿಸದಸ್ಯ ಪೀಠವು ಅದನ್ನು ತಳ್ಳಿಹಾಕಿ, ಬೆರಕೆ ಸಹಿತವಾದ ಒಟ್ಟು ತೂಕವೇ ಅನ್ವಯವೆಂದಿತು.

ಈ ತೀರ್ಪಿನ ಭಾರ ಹೆಚ್ಚಾಗಿ ಬಿದ್ದದ್ದು ವ್ಯಸನಿಗಳ ಮೇಲೆ. ಸೆರೆಮನೆಯ ಬದಲು ಚಿಕಿತ್ಸೆ ಎಂಬ ಪರ್ಯಾಯ ಈ ಕಾಯ್ದೆಯಲ್ಲೇ ಇದೆ: 39ನೆಯ ಕಲಮಿನಂತೆ ನ್ಯಾಯಾಲಯವು ತಪ್ಪಿತಸ್ಥನೆಂದು ಕಂಡುಬಂದ ವ್ಯಸನಿಯನ್ನು ಅವನ ಒಪ್ಪಿಗೆ ಪಡೆದು ಮುಚ್ಚಳಿಕೆಯ ಮೇಲೆ ಚಿಕಿತ್ಸೆಗೆ ಕಳಿಸಬಹುದು, 64ಎ ಕಲಮಿನಂತೆ ತಾನಾಗಿಯೇ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರೈಸಿದವನಿಗೆ ವಿಚಾರಣೆಯಿಂದಲೇ ವಿನಾಯಿತಿ ದೊರೆಯುತ್ತದೆ. ಆದರೆ ಎರಡೂ ಸೇವನೆಯ ಅಪರಾಧಕ್ಕೂ ಅಲ್ಪ ಪ್ರಮಾಣದ ಪ್ರಕರಣಗಳಿಗೂ ಸೀಮಿತವಾಗಿರುವುದರಿಂದ, ಅರ್ಧ ಗ್ರಾಂ ಹೆರಾಯಿನ್ ಕೂಡ ಇಲ್ಲದ 6 ಗ್ರಾಂ ಬ್ರೌನ್ ಶುಗರ್ ಪೊಟ್ಟಣ ಇಟ್ಟುಕೊಂಡ ಆರೋಪ ಹೊತ್ತವನಿಗೆ ಆ ಅವಕಾಶ ತಪ್ಪುತ್ತದೆ, ಅವನ ಮುಂದೆ 10 ವರ್ಷಗಳವರೆಗಿನ ಕಠಿಣ ಸಜೆಯ ಸಾಧ್ಯತೆ ನಿಲ್ಲುತ್ತದೆ.