ಅಂಗಡಿ, ಮನೆಯ ಕರೆಂಟ್ ಬಿಲ್ಲು ಮತ್ತು ಇಂಗಾಲದ ಲೆಕ್ಕ: ಯಾವ ನಿಯಮ ಯಾರಿಗೆ, ಎಲ್ಲಿಂದ ಶುರು ಮಾಡಬೇಕು?

ರಾಯಚೂರು: ಏಪ್ರಿಲ್ ಬಂತೆಂದರೆ ಸಿಂಧನೂರು, ಮಾನ್ವಿ, ಲಿಂಗಸುಗೂರು ಬಜಾರಿನಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆ, ಕರೆಂಟ್ ಬಿಲ್ಲು ಮಾತ್ರ ಜಾಸ್ತಿ. ಫ್ಯಾನ್, ಫ್ರಿಜ್, ಕೂಲರ್, ಎಸಿ ಎಲ್ಲ ಒಟ್ಟಿಗೆ ಓಡುವ ಕಾಲ ಅದು. ಆ ಕರೆಂಟಿನ ಹಿಂದೆ ಕಲ್ಲಿದ್ದಲಿನ ಹೊಗೆಯೂ ಇದೆ. ಕಟ್ಟಡಗಳಿಂದ ಗಾಳಿ ಸೇರುವ ಇಂಗಾಲ ಕಡಿಮೆ ಮಾಡಲು ಯಾವ ನಿಯಮ, ಯಾವ ಸಬ್ಸಿಡಿ ಇದೆ, ಅದರಲ್ಲಿ ಸಣ್ಣ ಅಂಗಡಿಯವರಿಗೆ ಸಿಗೋದೇನು, ಸಿಗದೇ ಇರೋದೇನು ಎಂಬ ಮಾಹಿತಿ ಇಲ್ಲಿದೆ.

ಕಟ್ಟಡಕ್ಕೂ ಹೊಗೆಗೂ ಏನು ಸಂಬಂಧ?

ಎರಡು ದಾರಿಯಲ್ಲಿ ಸಂಬಂಧ ಇದೆ. ಒಂದು, ಕಟ್ಟುವಾಗ ಬಳಸುವ ಸಿಮೆಂಟ್, ಕಬ್ಬಿಣ, ಸುಟ್ಟ ಇಟ್ಟಿಗೆ. ಇನ್ನೊಂದು, ಕಟ್ಟಿದ ಮೇಲೆ ದಿನಾ ಉರಿಸುವ ಕರೆಂಟ್.

ಜಿಲ್ಲೆಯ ಜನರಿಗೆ ಇದು ದೂರದ ಮಾತಲ್ಲ. ಶಕ್ತಿನಗರದ ಆರ್‌ಟಿಪಿಎಸ್ 1720 ಮೆಗಾವಾಟ್, ಯರಮರಸ್‌ನ ಸ್ಥಾವರ 1600 ಮೆಗಾವಾಟ್ ಸಾಮರ್ಥ್ಯದವು. ಎರಡೂ ಕಲ್ಲಿದ್ದಲು ಸುಡುತ್ತವೆ. ಗಾಳಿ, ಸೋಲಾರ್, ನೀರಿನ ಕರೆಂಟನ್ನೂ ಸೇರಿಸಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹಾಕುವ ಲೆಕ್ಕದ ಪ್ರಕಾರ, ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಂದರೆ 100 ಯೂನಿಟ್ ಉಳಿಸಿದರೆ ಸುಮಾರು 70 ಕೆಜಿ ಉಳಿದಂತೆ.

ಕಾನೂನು ಯಾರಿಗೆ ಅನ್ವಯ?

ಇಂಧನ ಮಿತವ್ಯಯದ ಕಟ್ಟಡ ಸಂಹಿತೆ (ಇಸಿಬಿಸಿ) ಮೊದಲು ಬಂದದ್ದು 2007ರಲ್ಲಿ. 2022ರ ತಿದ್ದುಪಡಿ ಕಾಯ್ದೆ ದೊಡ್ಡ ವಸತಿ ಕಟ್ಟಡಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಆದರೆ ಅದು ಲೆಕ್ಕಕ್ಕೆ ಹಿಡಿಯುವುದು 100 ಕಿಲೋವಾಟ್ ಸಂಪರ್ಕ ಲೋಡ್ ಅಥವಾ 120 ಕೆವಿಎ ಬೇಡಿಕೆಗಿಂತ ಮೇಲಿನ ಕಟ್ಟಡಗಳನ್ನು. ಈ ಮಿತಿ ಇಳಿಸುವ ಅಧಿಕಾರ ರಾಜ್ಯಗಳಿಗೆ ಇದೆ. ದೊಡ್ಡ ಮಾಲ್, ಆಸ್ಪತ್ರೆ, ಹೋಟೆಲ್‌ಗೆ ಇದು ತಾಗುತ್ತದೆ. 3 ಕಿಲೋವಾಟ್ ಮೀಟರಿನ ಕಿರಾಣಿ ಅಂಗಡಿಗೆ ತಾಗುವುದಿಲ್ಲ.

ಗಡಿ ಆಚೆ ತೆಲಂಗಾಣದಲ್ಲಿ ಬೇರೆ ದಾರಿ ಹಿಡಿದಿದ್ದಾರೆ. 2023ರಲ್ಲಿ ಜಾರಿಗೆ ತಂದ ತಂಪು ಛಾವಣಿ ನೀತಿಯಲ್ಲಿ ಹೊಸ ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ಜಾಗದ ಅಳತೆ ಎಷ್ಟೇ ಇದ್ದರೂ ತಂಪು ಛಾವಣಿ ಕಡ್ಡಾಯ. ಮನೆಗಳಿಗೆ 600 ಚದರ ಗಜ ಮತ್ತು ಮೇಲಿನ ನಿವೇಶನವಾದರೆ ಕಡ್ಡಾಯ.

ಮೊದಲು ಬಿಸಿಲು ತಡೆಯಿರಿ

ಒಂದೇ ಮಹಡಿಯ ಅಂಗಡಿಗೆ ಹೆಚ್ಚು ಕಾವು ಇಳಿಯುವುದು ಮೇಲಿನಿಂದ. ಹಳೇ ಮಣ್ಣಿನ ಮಾಳಿಗೆ ಮನೆ ಬೇಸಿಗೆಯಲ್ಲೂ ತಂಪಾಗಿರುತ್ತಿದ್ದುದು ಆ ದಪ್ಪ ಮಣ್ಣಿನಿಂದ. ಆರ್‌ಸಿಸಿ ಮತ್ತು ಪತ್ರಾಸ್ ಶೆಡ್‌ಗೆ ಆ ಗುಣ ಇಲ್ಲ. ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಬಣ್ಣ, ಬಿಳಿ ಟೈಲ್ಸ್ ಚೂರು ಅಥವಾ ಪ್ರತಿ ವರ್ಷ ಬಳಿಯುವ ಸುಣ್ಣ, ಇವುಗಳಿಂದ ಒಳಗಿನ ಉಷ್ಣತೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ. ಧೂಳು ಕೂತರೆ ಪರಿಣಾಮ ಕಡಿಮೆ. ಆಗಾಗ ತೊಳೆಯಬೇಕು.

ಎರಡನೇದು ಫ್ಯಾನ್, ಲೈಟ್, ಎಸಿ

* ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನ್ ಸುಮಾರು 30. ದಿನಕ್ಕೆ 12 ತಾಸಿನಂತೆ ವರ್ಷಕ್ಕೆ 300 ದಿನ ಓಡಿದರೆ ಒಂದು ಫ್ಯಾನಿನಿಂದ 162 ಯೂನಿಟ್ ಉಳಿತಾಯ. ಯೂನಿಟ್‌ಗೆ 7 ರೂ. ಹಿಡಿದರೆ 1134 ರೂ. ಇಂಗಾಲದ ಲೆಕ್ಕದಲ್ಲಿ ಸುಮಾರು 113 ಕೆಜಿ.
* 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ. ಲೇಬಲ್ ಇಲ್ಲದ ಹೊಸ ಮಾಲು ಕಡಿಮೆ ರೇಟಿಗೆ ಕೊಡುತ್ತೇವೆ ಅಂದರೆ ತಗೋಬೇಡಿ.
* ಚೋಕ್ ಇರುವ ಹಳೇ ಟ್ಯೂಬ್ ಸುಮಾರು 50 ವ್ಯಾಟ್, ಎಲ್‌ಇಡಿ ಟ್ಯೂಬ್ 20.
* ಎಸಿಯನ್ನು 18ಕ್ಕೆ ಇಡುವ ಬದಲು 24ಕ್ಕೆ ಇಡಿ. ಬಿಇಇ ಲೆಕ್ಕದಂತೆ ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ 6 ಕರೆಂಟ್ ಉಳಿಯುತ್ತದೆ.

ಸೋಲಾರ್ ಆಮೇಲೆ

2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000 ರೂ., 2ಕ್ಕೆ 60,000 ರೂ., 3 ಮತ್ತು ಮೇಲಿನದಕ್ಕೆ 78,000 ರೂ. ಸಬ್ಸಿಡಿ. ಇಲ್ಲಿ ಬಹಳ ಜನ ಮೋಸ ಹೋಗುವ ಒಂದು ಮಾತಿದೆ: ಈ ಸಬ್ಸಿಡಿ ಮನೆ ಸಂಪರ್ಕಕ್ಕೆ ಮಾತ್ರ. ವಾಣಿಜ್ಯ ಮೀಟರಿನ ಅಂಗಡಿಗೆ ಇಲ್ಲ. "ಅಂಗಡಿಗೂ ಸಬ್ಸಿಡಿ ಕೊಡಿಸ್ತೀವಿ" ಅಂತ ಮುಂಗಡ ಕೇಳುವವರಿಗೆ ದುಡ್ಡು ಕೊಡಬೇಡಿ. ಅಂಗಡಿಯವರಿಗೆ ಇರುವ ಸಣ್ಣ ಅನುಕೂಲ ಏನೆಂದರೆ, 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಪ್ಯಾನೆಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ.

ಒಂದು ಕಿಲೋವಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಬಳಕೆ ಮೊದಲೇ ಇಳಿಸಿದ್ದರೆ 3 ಕಿಲೋವಾಟ್ ಬೇಕಾದ ಕಡೆ 2 ಸಾಕಾಗಬಹುದು, ಸಾಲವೂ ಅಷ್ಟು ಕಡಿಮೆ.

ಮನೆಯವರು ಗೃಹಜ್ಯೋತಿಯ ಲೆಕ್ಕವನ್ನೂ ನೋಡಬೇಕು. ಬಿಲ್ಲೇ ಸೊನ್ನೆ ಬರುವ ಮನೆಗೆ ಸೋಲಾರ್‌ನಿಂದ ಹಣದ ಲಾಭ ಕಡಿಮೆ. ನಿಮ್ಮ ಮನೆಗೆ ಹಾಕಿದ ಮಿತಿ ದಾಟಿದರೆ ದಾಟಿದಷ್ಟಕ್ಕೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲಿಗೆ ದುಡ್ಡು ಕಟ್ಟಬೇಕು. ಬೇಸಿಗೆಯಲ್ಲಿ 210, 220ಕ್ಕೆ ಹೋಗುವ ಮನೆಯನ್ನು ಎರಡು ಬಿಎಲ್‌ಡಿಸಿ ಫ್ಯಾನ್ 200ರ ಒಳಗೆ ತರಬಹುದು.

ಹೊಸದಾಗಿ ಕಟ್ಟುವವರಿಗೆ

ಸಿಮೆಂಟಿನ ಇಂಗಾಲ ಬಹುಪಾಲು ಬರುವುದು ಸುಣ್ಣದಕಲ್ಲು ಸುಟ್ಟು ಮಾಡುವ ಕ್ಲಿಂಕರ್‌ನಿಂದ. ಪಿಪಿಸಿ ಸಿಮೆಂಟಿನಲ್ಲಿ ಕ್ಲಿಂಕರ್ ಬದಲು ಶೇ 15ರಿಂದ 35ರಷ್ಟು ಹಾರುಬೂದಿ ಸೇರಿರುತ್ತದೆ. ಮನೆ, ಅಂಗಡಿ ಕಟ್ಟಲು ಅದು ಸಾಕು. ಆದರೆ ಗಟ್ಟಿಯಾಗಲು ನಿಧಾನ, ಕ್ಯೂರಿಂಗ್‌ಗೆ ನೀರು ಹೊಡೆಯುವುದನ್ನು ಬೇಗ ನಿಲ್ಲಿಸಬಾರದು. ಗೋಡೆಗೆ ಹಾರುಬೂದಿ ಇಟ್ಟಿಗೆ, ಇಲ್ಲವೇ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಮಣ್ಣಿನ ಬ್ಲಾಕ್ ಬಳಸಬಹುದು. ಇವೆರಡನ್ನೂ ಭಟ್ಟಿಯಲ್ಲಿ ಸುಡುವುದಿಲ್ಲ.

ಬಾಡಿಗೆ ಅಂಗಡಿಯ ಸಮಸ್ಯೆ

ಬಜಾರಿನ ನಿಜವಾದ ತೊಡಕು ಇದು. ಛಾವಣಿ ಮಾಲೀಕರದು, ಕರೆಂಟ್ ಬಿಲ್ಲು ಬಾಡಿಗೆದಾರರದು. ಬಿಳಿ ಬಣ್ಣ ಬಳಿಸಿದರೆ ಮಾಲೀಕರಿಗೆ ಒಂದು ರೂಪಾಯಿಯೂ ಉಳಿಯಲ್ಲ. ಬಾಡಿಗೆದಾರರು ಬಳಿಸಿದರೆ ಅಂಗಡಿ ಬಿಡುವಾಗ ಅದನ್ನು ಹೊತ್ತೊಯ್ಯಲು ಆಗಲ್ಲ. ಹಾಗಾಗಿ ಇಬ್ಬರೂ ಸುಮ್ಮನಿರುತ್ತಾರೆ, ಮೀಟರ್ ಓಡುತ್ತಿರುತ್ತದೆ. ಈಗಿರುವ ಯಾವ ಯೋಜನೆಯೂ ಈ ಗಂಟನ್ನು ಬಿಚ್ಚುವುದಿಲ್ಲ.

ಸದ್ಯಕ್ಕೆ ಇರುವ ದಾರಿ ಮಾತುಕತೆ. ಕರಾರು ಪತ್ರ ನವೀಕರಿಸುವಾಗಲೇ ಛಾವಣಿ ಬಣ್ಣದ ಖರ್ಚು ಅರ್ಧರ್ಧ, ಇಲ್ಲವೇ ಬಾಡಿಗೆಯಲ್ಲಿ ಮುರಿದುಕೊಳ್ಳುವುದು ಅಂತ ಬರೆಸಿಕೊಳ್ಳಬಹುದು. ಫ್ಯಾನ್, ಲೈಟನ್ನು ಬಾಡಿಗೆದಾರರೇ ಕೊಂಡರೆ ನಷ್ಟವಿಲ್ಲ, ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಒಂದೇ ಸಾಲಿನ ಹತ್ತು ಅಂಗಡಿಯವರು ಸೇರಿ ಪೇಂಟರ್‌ನನ್ನು ಒಮ್ಮೆ ಕರೆಸಿದರೆ ಕೂಲಿಯೂ ಕಡಿಮೆ ಬೀಳುತ್ತದೆ. ಈ ಕೆಲಸ ಬಿಸಿಲು ಏರುವ ಮುಂಚೆ, ಫೆಬ್ರುವರಿ ಒಳಗೆ ಮುಗಿಸಿದರೆ ಆ ವರ್ಷದ ಬೇಸಿಗೆಯ ಬಿಲ್ಲಿನಲ್ಲೇ ವ್ಯತ್ಯಾಸ ನೋಡಬಹುದು.